ಸಣ್ಣ ದೇಶ, ಹೊರಗಿನ ನೋಟು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಒಂದು ದೇಶ ತನ್ನ ನೋಟು ಬಿಟ್ಟು ಇನ್ನೊಂದು ದೇಶದ ನೋಟು ಹಿಡಿಯುವ ವಿಷಯ ಬಂದ ದಿನ ಗಂಟೆ ಹೊಡೆದರೂ ಹುಡುಗರು ಏಳುವುದಿಲ್ಲ. ಕೊಲ್ಲಿ ದೇಶಗಳಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳು ಮೆಸೇಜ್ ಹಾಕುತ್ತಾರೆ. ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು, ಬೆಳಗಾವಿಯ ಫೌಂಡ್ರಿಗಳಲ್ಲಿ ಲೆಕ್ಕ ಬರೆಯುವವರು, ಮದುವೆ ಮನೆಯಲ್ಲಿ ಸಿಕ್ಕ ನೆಂಟರು, ಎಲ್ಲರೂ ಕೇಳಿದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಬರೆದಿದ್ದೇನೆ. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಮೊದಲು ತಿಳಿಯಬೇಕಾದ್ದು

ಬ್ಯಾರೆ ದೇಶದ ನೋಟು ತಮ್ಮ ದೇಶದಾಗ ನಡಸೂದಂದ್ರ ಏನ್ರೀ ಅಕ್ಕಾರ? ಸಂತ್ಯಾಗೂ ಅದ ನೋಟು ಏನು?

ಹೌದು, ಸಂತೆಯಲ್ಲೂ ಅದೇ ನೋಟು. ಈಕ್ವೆಡಾರ್ ದೇಶದಲ್ಲಿ ಬಾಳೆಹಣ್ಣು ಕೊಂಡರೆ ಕೊಡುವುದು ಅಮೆರಿಕದ ಡಾಲರ್. ಸಂಬಳ, ತೆರಿಗೆ, ಬ್ಯಾಂಕಿನ ಠೇವಣಿ ಎಲ್ಲ ಡಾಲರಿನಲ್ಲೇ. ಪನಾಮಾ 1904ರಿಂದ ಹೀಗೇ ಇದೆ. ಎಲ್ ಸಾಲ್ವಡಾರ್ 2001ರಲ್ಲಿ ಸೇರಿಕೊಂಡಿತು. ಪೂರ್ವ ಟಿಮೋರ್, ಪಲಾವು, ಮಾರ್ಷಲ್ ದ್ವೀಪಗಳಲ್ಲೂ ಡಾಲರೇ ನಡೆಯುತ್ತದೆ. ಕಿರಿಬಾಸ್, ನೌರು, ಟುವಾಲು ಎಂಬ ಪುಟ್ಟ ದ್ವೀಪಗಳಲ್ಲಿ ಆಸ್ಟ್ರೇಲಿಯಾದ ಡಾಲರ್. ಯುರೋಪಿನ ಕೊಸೊವೊ, ಮಾಂಟೆನೆಗ್ರೊ ದೇಶಗಳಲ್ಲಿ ಯೂರೋ.

ಇದಕ್ಕೂ ನಮ್ಮ ನೆರೆಯ ನೇಪಾಳದ ಪದ್ಧತಿಗೂ ವ್ಯತ್ಯಾಸ ಇದೆ. ನೇಪಾಳಕ್ಕೆ ತನ್ನದೇ ನೋಟಿದೆ. ಆದರೆ ಅದರ ಬೆಲೆಯನ್ನು ನಮ್ಮ ರೂಪಾಯಿಗೆ ಕಟ್ಟಿ ಹಾಕಿದ್ದಾರೆ. 1993ರಿಂದ ನಮ್ಮ 1 ರೂಪಾಯಿಗೆ ಅವರ 1.60. ಹಗ್ಗ ಕಟ್ಟಿದ್ದನ್ನು ಬಿಚ್ಚಬಹುದು. ಸ್ವಂತ ನೋಟನ್ನೇ ತೆಗೆದು ಹಾಕಿದವರ ಬಳಿ ಬಿಚ್ಚಲು ಹಗ್ಗವೇ ಇರುವುದಿಲ್ಲ.

ಸ್ವಂತ ನೋಟು ಅಚ್ಚು ಹಾಕೋ ಅಧಿಕಾರಾನ ಯಾರಾದ್ರೂ ಬಿಟ್ಟುಕೊಡ್ತಾರಾ ಮೇಡಂ?

ಖುಷಿಯಿಂದ ಬಿಟ್ಟವರು ಕಡಿಮೆ. ಜನ ಮೊದಲು ಬಿಡುತ್ತಾರೆ, ಸರಕಾರ ಹಿಂದಿನಿಂದ ಬರುತ್ತದೆ.

ಈಕ್ವೆಡಾರಿನ ಕತೆ ನೋಡಿ. ಅಲ್ಲಿನ ನೋಟಿನ ಹೆಸರು ಸುಕ್ರೆ. 1997-98ರಲ್ಲಿ ಎಲ್ ನಿನೊ ಮಳೆ ಬೆಳೆ ಕೊಚ್ಚಿಕೊಂಡು ಹೋಯಿತು. 1998ರಲ್ಲಿ ಕಚ್ಚಾ ಎಣ್ಣೆಯ ದರ ಬಿತ್ತು. ಸಾಲ ತಿರುಗದೆ ಬ್ಯಾಂಕುಗಳು ಒಂದರ ಹಿಂದೆ ಒಂದು ಕುಸಿದವು. ಅವನ್ನು ಉಳಿಸಲು ಸರಕಾರ ನೋಟು ಅಚ್ಚು ಹಾಕಿತು. 1999ರ ಮಾರ್ಚ್‌ನಲ್ಲಿ ಜನರ ಠೇವಣಿಗೇ ಬೀಗ ಬಿತ್ತು. ಅಷ್ಟರಲ್ಲಿ ಮನೆ ಬಾಡಿಗೆ, ಹಳೇ ಕಾರು, ಸಾಲ ಎಲ್ಲವನ್ನೂ ಜನ ಡಾಲರಿನಲ್ಲೇ ಲೆಕ್ಕ ಹಾಕುತ್ತಿದ್ದರು. 2000ದ ಜನವರಿ 9ರಂದು ಅಧ್ಯಕ್ಷ ಹಮೀಲ್ ಮಾವಾದ್ ಇನ್ನು ಮುಂದೆ ಡಾಲರೇ ನಡೆಯುತ್ತದೆ ಎಂದು ಘೋಷಿಸಿದರು. ಎರಡು ವಾರ ತುಂಬುವ ಮೊದಲೇ ಅವರ ಕುರ್ಚಿ ಹೋಯಿತು. ಡಾಲರ್ ಮಾತ್ರ ಉಳಿಯಿತು.

ಜಿಂಬಾಬ್ವೆಯಲ್ಲಿ ಇನ್ನೂ ಕೆಟ್ಟದಾಗಿತ್ತು. 2009ರ ಜನವರಿಯಲ್ಲಿ ಅವರು ಹೊರತಂದ ದೊಡ್ಡ ನೋಟಿನ ಮೇಲೆ 1ರ ಮುಂದೆ 14 ಸೊನ್ನೆ ಇದ್ದವು. ನಮ್ಮ ಲೆಕ್ಕದಲ್ಲಿ ಒಂದು ಕೋಟಿ ಕೋಟಿ. ಅದಕ್ಕೂ ಅಂಗಡಿಯವನು ಸಾಮಾನು ಕೊಡಲು ಒಪ್ಪುತ್ತಿರಲಿಲ್ಲ. ಅದೇ ವರ್ಷ ಡಾಲರ್, ದಕ್ಷಿಣ ಆಫ್ರಿಕಾದ ರ‍್ಯಾಂಡ್ ಮುಂತಾದ ಹೊರಗಿನ ನೋಟುಗಳಿಗೆ ಸರಕಾರ ಒಪ್ಪಿಗೆ ಕೊಟ್ಟಿತು. ಇಂಥ ದೇಶಕ್ಕೆ ನೀವು ಅಧಿಕಾರ ಬಿಟ್ಟುಕೊಟ್ಟಿರಿ ಎಂದು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಬಿಟ್ಟುಕೊಡಲು ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಅಮೆರಿಕದ ಪರ್ಮಿಶನ್ ಬೇಕಾಗ್ತದೇನು?

ಬೇಕಿಲ್ಲ. ಡಾಲರ್ ಸಂಪಾದಿಸಿ ಒಳಗೆ ಬಳಸಿದರೆ ಯಾರೂ ತಡೆಯಲಾರರು. ಕೊಸೊವೊ, ಮಾಂಟೆನೆಗ್ರೊ ಕೂಡ ಯೂರೋ ಬಳಸಲು ಯಾರ ಒಪ್ಪಂದಕ್ಕೂ ಕಾಯಲಿಲ್ಲ. 1999ರಲ್ಲಿ ಜರ್ಮನಿಯ ಮಾರ್ಕ್ ಹಿಡಿದಿದ್ದರು. 2002ರಲ್ಲಿ ಮಾರ್ಕ್ ಹೋಗಿ ಯೂರೋ ಬಂದಾಗ ಇವರ ಜೇಬಿನಲ್ಲೂ ಯೂರೋ ಬಂತು. ಯುರೋಪಿನ ಒಕ್ಕೂಟಕ್ಕೆ ಇದು ಹಿಡಿಸಲಿಲ್ಲ, ಆದರೆ ನಿಲ್ಲಿಸಲೂ ಇಲ್ಲ. ಒಪ್ಪಿಗೆ ಇಲ್ಲದೆ ತಂದ ನೋಟಿನ ಜೊತೆ ಹಕ್ಕು ಬರುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ. ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿ ಏರಿಸುವಾಗ ಈಕ್ವೆಡಾರಿಗೆ ಹೇಗಿದೆ ಎಂದು ಕೇಳುವುದಿಲ್ಲ.

ಅಷ್ಟು ಡಾಲರ್ ಎಲ್ಲಿಂದ ಬರ್ತಾವ್ರೀ? ಅಚ್ಚು ಹಾಕಂಗಿಲ್ಲ ಅಂದಮ್ಯಾಲ?

ದುಡಿದೇ ತರಬೇಕು. ವಿಜಯಪುರ ಜಿಲ್ಲೆಯೇ ಒಂದು ಪುಟ್ಟ ದೇಶ, ಡಾಲರ್ ಬಳಸುತ್ತದೆ ಅಂದುಕೊಳ್ಳಿ. ಆಗ ಒಣದ್ರಾಕ್ಷಿ ಮಾರಿದಾಗ ಡಾಲರ್ ಒಳಗೆ ಬರುತ್ತದೆ. ದುಬೈಯಲ್ಲಿ ಗೌಂಡಿ ಕೆಲಸ ಮಾಡುವ ಮಗ ಮನೆಗೆ ಕಳಿಸಿದಾಗ ಬರುತ್ತದೆ. ಗೋಲಗುಮ್ಮಟ ನೋಡಲು ಹೊರಗಿನವರು ಬಂದಾಗ, ಯಾರೋ ಕಾರ್ಖಾನೆ ಹಾಕಿದಾಗ, ಸರಕಾರ ಹೊರಗೆ ಸಾಲ ಎತ್ತಿದಾಗ ಬರುತ್ತದೆ. ಪೆಟ್ರೋಲ್, ಮೊಬೈಲ್, ಔಷಧ ಕೊಂಡಾಗ ಹೊರಗೆ ಹೋಗುತ್ತದೆ. ಬರುವುದಕ್ಕಿಂತ ಹೋಗುವುದು ಜಾಸ್ತಿಯಾದರೆ ಊರಿನಲ್ಲಿ ಓಡಾಡುವ ದುಡ್ಡೇ ಕಮ್ಮಿಯಾಗುತ್ತದೆ. ಅಂಗಡಿಯಲ್ಲಿ ಸಾಮಾನಿದೆ, ಕೊಳ್ಳುವವನಿಗೆ ದುಡಿಯುವ ಮನಸ್ಸಿದೆ, ನಡುವೆ ನೋಟಿಲ್ಲ.

ಎಲ್ ಸಾಲ್ವಡಾರಿನ ಬದುಕು ನಿಂತಿರುವುದೇ ಹೊರಗೆ ಹೋದ ಮಕ್ಕಳ ಮೇಲೆ. ಅಮೆರಿಕದಲ್ಲಿರುವವರು ಮನೆಗೆ ಕಳಿಸುವ ದುಡ್ಡು ಅಲ್ಲಿನ ಒಟ್ಟು ಆದಾಯದ ಐದನೇ ಒಂದು ಪಾಲಿಗೂ ಮಿಗಿಲು.

ರೂಪಾಯಿ ತಗದು ಡಾಲರ್ ತಂದ್ರ ಪೆಟ್ರೋಲ್ ಅಗ್ಗ ಆಗ್ತದಲ್ರೀ?

ಆಗುವುದಿಲ್ಲ. ಲೀಟರಿಗೆ 1 ಡಾಲರ್ ಎಂದು ಬೋರ್ಡ್ ಬರೆದರೆ ಕಣ್ಣಿಗೆ ಅಗ್ಗ ಕಾಣುತ್ತದೆ. ಆದರೆ ನಿಮ್ಮ ದಿನಗೂಲಿಯೂ ಆ ಹೊತ್ತಿಗೆ ನಾಲ್ಕೈದು ಡಾಲರಿಗೆ ಇಳಿದಿರುತ್ತದೆ. ಸೇರು ಬಿಟ್ಟು ಕಿಲೊ ಹಿಡಿದರೆ ಜೋಳದ ರಾಶಿ ಬೆಳೆಯುವುದಿಲ್ಲ. ಇದನ್ನು ತುಂಬ ಜನ ಆಸೆಯಿಂದ ಕೇಳುತ್ತಾರೆ, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ.

ಚಿಲ್ಲರೆಗೆ ಏನ್ ಮಾಡ್ತಾರ? ಅಮೆರಿಕದಿಂದ ನಾಣ್ಯ ತರಸ್ತಾರಾ?

ಕಿರಾಣಿ ಅಂಗಡಿಯ ಅಣ್ಣನೊಬ್ಬರು ಕೇಳಿದ ಪ್ರಶ್ನೆ ಇದು. ಪುಸ್ತಕದಲ್ಲಿ ಇದಕ್ಕೆ ಜಾಗ ಸಿಗುವುದು ಕಡಿಮೆ, ಬದುಕಿನಲ್ಲಿ ದೊಡ್ಡ ತೊಂದರೆ. ನಾಣ್ಯ ಭಾರ, ಹಡಗಿನಲ್ಲಿ ತರುವ ಖರ್ಚು ಜಾಸ್ತಿ. ಅದಕ್ಕೆ ಪನಾಮಾ ತನ್ನ ಬಾಲ್ಬೋವಾ ಹೆಸರಿನ ನಾಣ್ಯಗಳನ್ನು ತಾನೇ ಹೊಡೆಯುತ್ತದೆ, ಬೆಲೆ ಡಾಲರಿಗೆ ಸಮ. ಈಕ್ವೆಡಾರ್, ಪೂರ್ವ ಟಿಮೋರ್ ತಮ್ಮ ಸೆಂಟಾವೊ ನಾಣ್ಯ ಹೊರಡಿಸಿವೆ. ಜಿಂಬಾಬ್ವೆಯಲ್ಲಿ ಮೊದಲ ವರ್ಷಗಳಲ್ಲಿ ಇಂಥದ್ದು ಇರಲಿಲ್ಲ. ಅಂಗಡಿಯವರು ಚಿಲ್ಲರೆ ಬದಲು ಮಿಠಾಯಿ, ಪೆನ್ನು ಕೊಡುತ್ತಿದ್ದರು. ನಮ್ಮಲ್ಲೂ ಒಂದು ರೂಪಾಯಿಗೆ ಪೆಪ್ಪರಮಿಂಟ್ ಕೈಗಿಡುತ್ತಿದ್ದರು, ಅಲ್ವಾ? ಅಲ್ಲಿ ಅದು ದಿನದ ಕಷ್ಟವಾಗಿತ್ತು. ಚಿಲ್ಲರೆ ಇಲ್ಲದಿದ್ದರೆ ಬೆಲೆಗಳೂ ಮೇಲಿನ ಡಾಲರಿಗೇ ಹೋಗಿ ನಿಲ್ಲುತ್ತವೆ. ಕಡೆಗೆ 2014ರ ಡಿಸೆಂಬರಿನಲ್ಲಿ ಬಾಂಡ್ ನಾಣ್ಯ ಎಂದು ಸ್ವಂತ ಚಿಲ್ಲರೆ ತಂದರು.

## ನಮ್ಮ ಕಡೆಯ ಹಳೇ ಕತೆಗಳು

ನಮ್ಮ ವಿಜಾಪುರದಾಗ ಇಂಥಾದ್ದು ಎಂದರ ಆಗಿತ್ತೇನು?

ಪೂರ್ತಿ ಹೀಗೇ ಅಲ್ಲ. ಹತ್ತಿರದ್ದು ಆಗಿತ್ತು. ಪರ್ಷಿಯಾದ ಲಾರ್ ಎಂಬ ಊರಿನಿಂದ ಹೆಸರು ಬಂದ ಲಾರಿ ನಾಣ್ಯ ಒಂದಿತ್ತು. ದುಂಡಗಿನದಲ್ಲ. ಬೆಳ್ಳಿಯ ತಂತಿಯನ್ನು ಹೇರ್‌ಪಿನ್ ಥರ ಮಡಚಿ ಅದರ ಮೇಲೆ ಮುದ್ರೆ ಒತ್ತುತ್ತಿದ್ದರು. ಕೊಲ್ಲಿಯ ವ್ಯಾಪಾರಿಗಳಿಗೆ ಅದರ ಮೇಲೆ ನಂಬಿಕೆ. ಬಿಜಾಪುರದ ಎರಡನೇ ಅಲಿ ಆದಿಲ್ ಶಾಹ ತನ್ನ ಹೆಸರಿನಲ್ಲೇ ಇಂಥ ಲಾರಿಗಳನ್ನು ಹೊರಡಿಸಿದ. ಆಕಾರ ಹೊರಗಿನದು, ಹೆಸರು ನಮ್ಮ ಸುಲ್ತಾನನದು. ಬಂದರಿನಲ್ಲಿ ಜನ ಯಾವುದನ್ನು ನಂಬುತ್ತಾರೋ ಅದೇ ರೂಪದಲ್ಲಿ ಹಣ ಕೊಡಬೇಕು ಎಂಬುದು ಅವನಿಗೂ ಗೊತ್ತಿತ್ತು. ನನಗೆ ಈ ನಾಣ್ಯ ತುಂಬ ಇಷ್ಟ. ಕ್ಲಾಸಿನಲ್ಲಿ ತಂತಿ ಮಡಚಿ ತೋರಿಸುತ್ತೇನೆ.

ಇನ್ನೂ ಹತ್ತಿರದ್ದು ಹಾಲಿ ಸಿಕ್ಕಾ, ಅಂದರೆ ಹೈದರಾಬಾದ್ ನಿಜಾಮನ ಸ್ವಂತ ರೂಪಾಯಿ. ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, ಪಕ್ಕದ ಕಲಬುರಗಿ ನಿಜಾಮನ ಆಳ್ವಿಕೆಯಲ್ಲಿ. ಅಲ್ಲಿ ಬೇರೆ ರೂಪಾಯಿ. ಹೆಚ್ಚುಕಡಿಮೆ ಅವರ 7 ರೂಪಾಯಿಗೆ ಇಲ್ಲಿನ 6. ಗಡಿಯಾಚೆ ಎತ್ತು ಮಾರಿದವರು ಯಾವ ರೂಪಾಯಿ ಎಂದು ಮೊದಲೇ ಮಾತಾಡಿಕೊಳ್ಳಬೇಕಿತ್ತು. ಬೆಳಗಾವಿಯವರಿಗೆ ಗೋವಾ ಹಾಗೇ ಇತ್ತು. ಘಟ್ಟ ಇಳಿದರೆ ಪೋರ್ತುಗೀಸರ ನಾಣ್ಯ. 1961ರ ಡಿಸೆಂಬರಿನಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ ಅಲ್ಲೂ ನಮ್ಮ ರೂಪಾಯಿ ಬಂತು.

ನಮ್ಮ ರೂಪಾಯಿನ್ನ ಬೇರೆ ದೇಶದವರು ಹೀಗೆ ಬಳಸಿದ್ದುಂಟಾ?

ಉಂಟು. ಇದನ್ನು ಕೇಳಿದವನು ಕತಾರಿನಲ್ಲಿ ಕೆಲಸ ಮಾಡುವ ನನ್ನ ಹಳೇ ವಿದ್ಯಾರ್ಥಿ. ಅವನು ಈಗ ಸಂಬಳ ಎಣಿಸುವ ಊರಲ್ಲೇ ಒಂದು ಕಾಲಕ್ಕೆ ನಮ್ಮ ರೂಪಾಯಿ ನಡೆಯುತ್ತಿತ್ತು.

ಕುವೈತ್, ಬಹರೇನ್, ಕತಾರ್, ಇವತ್ತಿನ ಯುಎಇ ಆಗಿರುವ ದುಬೈ ಮತ್ತು ಅಬುಧಾಬಿ, ಇಲ್ಲೆಲ್ಲ ಭಾರತದ ರೂಪಾಯಿಯೇ ಚಲಾವಣೆ. ರೂಪಾಯಿ ಕೊಟ್ಟು ಚಿನ್ನ ಕೊಂಡು ಕಳ್ಳದಾರಿಯಲ್ಲಿ ಭಾರತಕ್ಕೆ ತರುವುದು ಜಾಸ್ತಿಯಾಯಿತು. ಆ ರೂಪಾಯಿ ತಿರುಗಿ ನಮ್ಮ ರಿಸರ್ವ್ ಬ್ಯಾಂಕಿಗೆ ಬಂದಾಗ ವಿದೇಶಿ ಹಣ ಕೊಡಬೇಕಿತ್ತು. ಅದಕ್ಕೆ 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ರೂಪಾಯಿ ನೋಟು ಹೊರಡಿಸಿತು. ಬೆಲೆ ಮಾತ್ರ ಸಮ. ಕುವೈತ್ 1961ರಲ್ಲಿ, ಬಹರೇನ್ 1965ರಲ್ಲಿ ಸ್ವಂತ ದಿನಾರ್ ತಂದವು.

1966ರ ಜೂನ್ 6ರಂದು ದಿಲ್ಲಿ ರೂಪಾಯಿಯ ಬೆಲೆ ಇಳಿಸಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ಬರಗಾಲ, ಯುದ್ಧ, ವಿದೇಶಿ ಹಣದ ಕೊರತೆ, ಕಾರಣಗಳೆಲ್ಲ ನಮ್ಮವು. ಆದರೆ ದುಬೈಯ ವ್ಯಾಪಾರಿ ಪೆಟ್ಟಿಗೆಯಲ್ಲಿಟ್ಟ ದುಡ್ಡು ಕೂಡ ಅದೇ ರಾತ್ರಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕರಗಿತು. ಅವನ ಊರಿನಲ್ಲಿ ಬರ ಬಿದ್ದಿರಲಿಲ್ಲ, ಅವನನ್ನು ಯಾರೂ ಕೇಳಿರಲಿಲ್ಲ. ಆ ವರ್ಷವೇ ಕತಾರ್, ದುಬೈ ರೂಪಾಯಿಯನ್ನು ಬಿಟ್ಟವು. ಒಮಾನ್ 1970ರವರೆಗೆ ಇಟ್ಟುಕೊಂಡಿತ್ತು. ಹೊರಗಿನ ನೋಟು ಬಳಸುವವರ ಕಷ್ಟ ಏನು ಎಂದು ಕೇಳಿದಾಗ ನಾನು ಈಕ್ವೆಡಾರಿಗಿಂತ ಮೊದಲು ಇದನ್ನೇ ಹೇಳುತ್ತೇನೆ. ಇಲ್ಲಿ ದೊಡ್ಡ ದೇಶ ನಾವೇ ಆಗಿದ್ದೆವು.

ಭೂತಾನಿನಲ್ಲಿ ಈಗಲೂ ನಮ್ಮ ರೂಪಾಯಿ ನಡೆಯುತ್ತದೆ, ಅವರ ನ್ಗುಲ್ಟ್ರಮ್ ಅದಕ್ಕೆ ಸಮ. 2012ರಲ್ಲಿ ಅಲ್ಲಿ ರೂಪಾಯಿಗೆ ಎಷ್ಟು ಕೊರತೆ ಬಂತೆಂದರೆ ವಾಹನಗಳ ಆಮದಿಗೆ ತಡೆ ಹಾಕಬೇಕಾಯಿತು. 2016ರ ನವೆಂಬರಿನಲ್ಲಿ ನಾವು 500, 1000ದ ನೋಟು ರದ್ದು ಮಾಡಿದಾಗ ನೇಪಾಳದ ಜನರ ಬಳಿ ಉಳಿದ ಹಳೇ ನೋಟಿನ ಮಾತುಕತೆ ವರ್ಷಗಟ್ಟಲೆ ಎಳೆಯಿತು. ನಾವು ಇಲ್ಲಿ ಬ್ಯಾಂಕಿನ ಮುಂದೆ ಪಾಳಿ ಹಚ್ಚಿದ್ದೆವು. ಅವರಿಗೆ ನಿಲ್ಲಲು ಪಾಳಿಯೂ ಇರಲಿಲ್ಲ.

## ಯಾರಿಗೆ ಲಾಭ, ಯಾರಿಗೆ ಪೆಟ್ಟು

ಬೆಲೆ ಏರೋದು ನಿಲ್ಲತದೋ ಇಲ್ಲೋ? ಅದಷ್ಟ ಹೇಳ್ರಿ.

ನಿಲ್ಲುತ್ತದೆ. ಇದೇ ಅದರ ದೊಡ್ಡ ಲಾಭ, ಅದನ್ನು ಸಣ್ಣದು ಮಾಡಿ ಹೇಳಬಾರದು. ಆದರೆ ಮರುದಿನವೇ ಅಲ್ಲ. ಈಕ್ವೆಡಾರಿನಲ್ಲಿ ಡಾಲರ್ ಬಂದ 2000ದಲ್ಲೇ ಬೆಲೆಗಳು ಶೇಕಡಾ 90ಕ್ಕಿಂತ ಜಾಸ್ತಿ ಏರಿದವು. ಬದಲಾವಣೆಯ ದರವನ್ನು ಡಾಲರಿಗೆ 25,000 ಸುಕ್ರೆ ಎಂದು ಇಟ್ಟಿದ್ದರು. ಆ ದರದಲ್ಲಿ ಅಲ್ಲಿನ ಸಾಮಾನು ಹೊರಗಿಗಿಂತ ತೀರಾ ಅಗ್ಗವಾಗಿತ್ತು, ಹಾಗಾಗಿ ಬೆಲೆಗಳು ಹೊರಗಿನ ಮಟ್ಟ ಮುಟ್ಟುವವರೆಗೆ ಏರಿದವು. ಮೂರು ವರ್ಷದಲ್ಲಿ ಏರಿಕೆ ಒಂದಂಕಿಗೆ ಇಳಿಯಿತು, ಆಮೇಲೆ ಹಾಗೇ ಉಳಿಯಿತು. ಅಲ್ಲಿ ಯಾವ ಪಕ್ಷ ಬಂದರೂ ಡಾಲರ್ ತೆಗೆಯುವ ಧೈರ್ಯ ಮಾಡಿಲ್ಲ. ಬಾಡಿಗೆ, ಸಂಬಳ, ಮಗಳ ಫೀಸು ಬರುವ ವರ್ಷ ಎಷ್ಟಿರುತ್ತದೆ ಎಂದು ಗೊತ್ತಿದ್ದರೆ ಬಡವರ ಮನೆಯಲ್ಲೂ ಒಂದು ನೆಮ್ಮದಿ ಇರುತ್ತದೆ.

ನೋಟು ಬದಲಾಗುವಾಗ ಬ್ಯಾಂಕಿನಲ್ಲಿದ್ದ ನಮ್ಮ ದುಡ್ಡು ಏನಾಗ್ತದೆ?

ಅದು ಬದಲಾವಣೆಯ ದರದ ಕೈಯಲ್ಲಿದೆ. ಈಕ್ವೆಡಾರಿನ ಒಬ್ಬ ಟೀಚರ್ ಅಂದುಕೊಳ್ಳಿ. 1999ರ ಮೊದಲಿಗೆ ಅವಳ ಖಾತೆಯಲ್ಲಿ 70 ಲಕ್ಷ ಸುಕ್ರೆ ಇದೆ. ಆಗಿನ ದರ ಡಾಲರಿಗೆ ಸುಮಾರು 7,000. ಅಂದರೆ 1,000 ಡಾಲರ್. ಮಾರ್ಚ್‌ನಲ್ಲಿ ಠೇವಣಿಗೆ ಬೀಗ. ಮುಂದಿನ ವರ್ಷ 25,000ದ ದರದಲ್ಲಿ ಲೆಕ್ಕ ಮಾಡಿದರೆ ಅವಳಿಗೆ ಬರುವುದು 280 ಡಾಲರ್. ಒಂದು ಪೈಸೆ ಖರ್ಚು ಮಾಡದೆ 720 ಡಾಲರ್ ಹೋಯಿತು.

ಮೊದಲೇ ಡಾಲರ್ ಕೂಡಿಟ್ಟವನಿಗೆ ಏನೂ ಆಗಲಿಲ್ಲ. ಸುಕ್ರೆಯಲ್ಲಿ ದೊಡ್ಡ ಸಾಲ ಮಾಡಿದವನ ಸಾಲ ಕರಗಿತು. ಪೆಟ್ಟು ತಿಂದವರು ಸುಕ್ರೆಯಲ್ಲಿ ಪಗಾರ, ಪಿಂಚಣಿ, ಉಳಿತಾಯ ಇದ್ದವರು. ಸ್ವಂತ ನೋಟನ್ನು ಕೊನೆವರೆಗೆ ನಂಬಿದವರೇ ಜಾಸ್ತಿ ಕಳೆದುಕೊಂಡರು ಎಂಬುದು ನನಗೆ ಇವತ್ತಿಗೂ ಸಂಕಟದ ವಿಷಯ. ಆ ಕಾಲದಲ್ಲಿ ಲಕ್ಷಾಂತರ ಜನ ಸ್ಪೇನ್, ಅಮೆರಿಕದ ಕಡೆಗೆ ದುಡಿಯಲು ಹೊರಟರು.

ಸಾಲದ ಬಡ್ಡಿ ಕಡಿಮಿ ಆಗ್ತದಲ್ಲಾ?

ಒಂದಿಷ್ಟು. ನೋಟಿನ ಬೆಲೆ ಬೀಳುವ ಭಯ ಹೋಗುತ್ತದೆ, ಅದರ ಪಾಲಿನ ಬಡ್ಡಿ ಇಳಿಯುತ್ತದೆ. ಸಾಲ ತೀರಿಸದೇ ಇರುವ ಭಯ ಹೋಗುವುದಿಲ್ಲ. ಈಕ್ವೆಡಾರ್ ಡಾಲರ್ ಬಳಸುತ್ತಲೇ 2008ರಲ್ಲಿ ವಿದೇಶಿ ಸಾಲದ ಕಂತು ನಿಲ್ಲಿಸಿತು, 2020ರಲ್ಲಿ ಮತ್ತೆ ಸಾಲದ ಷರತ್ತು ಬದಲಿಸಿಕೊಂಡಿತು. ಡಾಲರ್ ಬಂದರೆ ಸರಕಾರ ತಾನಾಗಿಯೇ ಶಿಸ್ತಿಗೆ ಬರುತ್ತದೆ ಎಂದು ಹೇಳುವವರಿದ್ದಾರೆ. ನೋಟು ಅಚ್ಚು ಹಾಕುವ ದಾರಿ ಮುಚ್ಚುತ್ತದೆ, ಸಾಲ ಮಾಡುವ ದಾರಿ ತೆರೆದೇ ಇರುತ್ತದೆ.

ನಾವು ಮಾಲು ಹೊರಗ ಕಳಸೋರು. ನಮಗ ಇದರಿಂದ ಚಲೋನೋ ಕೆಟ್ಟೋ?

ಬೆಳಗಾವಿಯ ಫೌಂಡ್ರಿಯ ಒಬ್ಬ ಅಕೌಂಟೆಂಟ್ ಕೇಳಿದ್ದು. ಅವರಿಗೆ ಬೇಗ ಅರ್ಥವಾಯಿತು, ಯಾಕೆಂದರೆ ಡಾಲರಿನ ದರ ದಿನಾ ನೋಡುವವರು.

ಒಳ್ಳೆಯದು ಇದು. ಆರ್ಡರ್ ತೆಗೆದುಕೊಂಡ ದಿನದ ದರ ಒಂದು, ದುಡ್ಡು ಬಂದ ದಿನದ ದರ ಇನ್ನೊಂದು ಎಂಬ ತಲೆನೋವು ಇರುವುದಿಲ್ಲ. ನೋಟು ಬದಲಿಸುವ ಕಮಿಷನ್ ಉಳಿಯುತ್ತದೆ.

ಕೆಟ್ಟದ್ದು ಕಷ್ಟಕಾಲದಲ್ಲಿ ಗೊತ್ತಾಗುತ್ತದೆ. 2014ರ ನಂತರ ಎಣ್ಣೆಯ ದರ ಕುಸಿಯಿತು. ಕೊಲಂಬಿಯಾ, ಈಕ್ವೆಡಾರ್ ಎರಡೂ ಎಣ್ಣೆ ಮಾರುವ ನೆರೆಹೊರೆ. ಕೊಲಂಬಿಯಾದ ಪೆಸೊ ಬೆಲೆ ಇಳಿಯಿತು. ಅವರ ಮಾಲು ಹೊರಗಿನವರಿಗೆ ಅಗ್ಗವಾಯಿತು, ವ್ಯಾಪಾರ ತಕ್ಕಮಟ್ಟಿಗೆ ಉಳಿಯಿತು. ಈಕ್ವೆಡಾರಿಗೆ ಇಳಿಸಲು ಸ್ವಂತ ನೋಟಿರಲಿಲ್ಲ. ಸಾಲದ್ದಕ್ಕೆ ಅದೇ ಹೊತ್ತಿಗೆ ಡಾಲರ್ ಗಟ್ಟಿಯಾಯಿತು. ಗಡಿಯ ತುಲ್ಕಾನ್ ಊರಿನ ಜನ ಟಿವಿ, ಬಟ್ಟೆ, ಕಿರಾಣಿ ತರಲು ಆಚೆಯ ಇಪಿಯಾಲೆಸ್‌ಗೆ ಸಾಲುಗಟ್ಟಿ ಹೋದರು. ನಮ್ಮ ಕಡೆಯವರು ದರ ನೋಡಿ ಗಡಿ ದಾಟುವುದಿಲ್ಲವೇ, ಹಾಗೇ. ಆದರೆ ಅಲ್ಲಿ ಪ್ರಮಾಣ ದೊಡ್ಡದು. ಈಚೆಯ ಅಂಗಡಿಗಳು ಖಾಲಿ ಹೊಡೆದವು. 2015ರಲ್ಲಿ ಸರಕಾರ ಸಾವಿರಾರು ಬಗೆಯ ಆಮದು ಸಾಮಾನಿನ ಮೇಲೆ ಹೆಚ್ಚುವರಿ ಸುಂಕ ಹಾಕಿತು, ಕೆಲವಕ್ಕೆ ಶೇಕಡಾ 45ರವರೆಗೆ.

ನೋಟಿನ ಬೆಲೆ ಇಳಿಯದಿದ್ದರೆ ಬೇರೆ ಏನೋ ಇಳಿಯಲೇಬೇಕು. ಪಗಾರ ಇಳಿಯಬೇಕು, ಇಲ್ಲ ಕೆಲಸ ಹೋಗಬೇಕು. ರೂಪಾಯಿ ಬಿದ್ದಾಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಬಿಸಿ ತಟ್ಟುತ್ತದೆ. ಪಗಾರ ಕಡಿತ ಮಾಡಲು ಮಾಲೀಕರಿಗೂ ಮುಖ ಬರುವುದಿಲ್ಲ, ಹಾಗಾಗಿ ನೂರರಲ್ಲಿ ಹತ್ತು ಜನರನ್ನು ಪೂರ್ತಿ ಮನೆಗೆ ಕಳಿಸುತ್ತಾರೆ. ಹೊರಗಿನ ನೋಟಿನ ನಿಜವಾದ ಬೆಲೆ ನನ್ನ ಪ್ರಕಾರ ಇದೇ.

ನೋಟು ಅಚ್ಚು ಹಾಕೋದ್ರಲ್ಲಿ ಸರಕಾರಕ್ಕೆ ಲಾಭ ಅಂತಾರಲ್ಲ, ಅದೇನು?

ನೂರು ಡಾಲರಿನ ನೋಟು ಅಚ್ಚು ಹಾಕಲು ಕೆಲವು ಸೆಂಟ್ ಸಾಕು. ಆದರೆ ಅದೇ ನೋಟು ಪಡೆಯಲು ಈಕ್ವೆಡಾರ್ ನೂರು ಡಾಲರಿನ ಬಾಳೆಹಣ್ಣು ಕಳಿಸಬೇಕು. ನೋಟು ಅಲ್ಲಿನ ಜೇಬುಗಳಲ್ಲಿ ಸುತ್ತುವಷ್ಟು ದಿನ ಅದು ಅಮೆರಿಕಕ್ಕೆ ಬಡ್ಡಿ ಇಲ್ಲದೆ ಕೊಟ್ಟ ಸಾಲವಿದ್ದ ಹಾಗೆ. ದಕ್ಷಿಣ ಆಫ್ರಿಕಾ ಇದರಲ್ಲಿ ನ್ಯಾಯವಾಗಿ ನಡೆದುಕೊಂಡಿದೆ. ತನ್ನ ರ‍್ಯಾಂಡ್ ಬಳಸುವ ಲೆಸೊಥೊ, ನಮೀಬಿಯಾ ದೇಶಗಳಿಗೆ ಈ ಲಾಭದಲ್ಲಿ ಪಾಲು ಕೊಡುತ್ತದೆ.

## ಆಳಕ್ಕೆ ಹೋಗುವವರಿಗೆ

ಬ್ಯಾಂಕು ಮುಳುಗಿದ್ರೆ ಯಾರು ಹಿಡಿತಾರೆ ಮೇಡಂ?

ಬ್ಯಾಂಕಿನಲ್ಲಿ ನೀವಿಟ್ಟ ದುಡ್ಡು ಅಲ್ಲಿ ಕೂತಿರುವುದಿಲ್ಲ, ಸಾಲವಾಗಿ ಹೊರಗೆ ಹೋಗಿರುತ್ತದೆ. ಎಲ್ಲರೂ ಒಂದೇ ದಿನ ಬಂದರೆ ಗಟ್ಟಿ ಬ್ಯಾಂಕೂ ಕೊಡಲಾರದು. ಆಗ ಕೇಂದ್ರ ಬ್ಯಾಂಕು ನೋಟು ಒದಗಿಸಿ ಕಾಪಾಡುತ್ತದೆ. ಹೊರಗಿನ ನೋಟು ಬಳಸುವ ದೇಶದಲ್ಲಿ ಆ ಕೊನೆಯ ಬಾಗಿಲು ಇಲ್ಲ.

ನಮ್ಮ ಊರಿನಲ್ಲಿ ಒಂದು ಪತ್ತಿನ ಸಂಘ ಬಿದ್ದದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅವ್ವ ಶೇಂಗಾ ಮಾರಿದ ದುಡ್ಡು ಅಲ್ಲಿಟ್ಟಿದ್ದಳು. ಮುಂಜಾನೆ ಆರಕ್ಕೇ ಪಾಸ್‌ಬುಕ್ ಹಿಡಿದು ಹೋಗಿ ನಿಂತಳು. ಮೊದಲ ಹದಿನೈದು ಜನರಿಗೆ ಸಿಕ್ಕಿತು, ಅವ್ವನಿಗೆ ಸಿಗಲಿಲ್ಲ. ಬ್ಯಾಂಕಿನ ಪಾಠ ಮಾಡುವಾಗ ನನ್ನ ಕಣ್ಣ ಮುಂದೆ ಬರುವುದು ಆ ಬಾಗಿಲು.

ಪನಾಮಾದಲ್ಲಿ ಇದು ಇಡೀ ದೇಶಕ್ಕೇ ಆಯಿತು. 1988ರಲ್ಲಿ ಅಲ್ಲಿನ ಆಳುವವನಾಗಿದ್ದ ಮಾನುಯೆಲ್ ನೊರಿಯೆಗಾ ಜೊತೆ ಅಮೆರಿಕ ಜಗಳಕ್ಕೆ ಬಿತ್ತು, ತನ್ನಲ್ಲಿದ್ದ ಪನಾಮಾ ಸರಕಾರದ ಹಣ ತಡೆಹಿಡಿಯಿತು. ಡಾಲರ್ ಬರುವುದು ನಿಂತಿತು. ಮಾರ್ಚ್‌ನಲ್ಲಿ ಮುಚ್ಚಿದ ಬ್ಯಾಂಕುಗಳು ಸುಮಾರು ಒಂಬತ್ತು ವಾರ ತೆರೆಯಲಿಲ್ಲ. ಆ ಒಂದೇ ವರ್ಷದಲ್ಲಿ ದೇಶದ ಉತ್ಪನ್ನ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಕುಗ್ಗಿತು. ಬೇರೆಯವರ ನೋಟು ಬಳಸಿದರೆ ಅವರ ಜೊತೆ ಜಗಳವಾಡುವ ಹಕ್ಕಿಗೂ ಬೆಲೆ ಕಟ್ಟಬೇಕಾಗುತ್ತದೆ. ಇದಕ್ಕೆ ಇರುವ ಉಪಾಯ ಎರಡು. ಬ್ಯಾಂಕುಗಳು ಜಾಸ್ತಿ ನಗದು ಇಟ್ಟುಕೊಳ್ಳಬೇಕು. ಇಲ್ಲವೇ ಹೊರಗಿನ ದೊಡ್ಡ ಬ್ಯಾಂಕುಗಳ ಶಾಖೆಗಳಿರಬೇಕು, ಕಷ್ಟದಲ್ಲಿ ತಾಯಿ ಬ್ಯಾಂಕು ಕಳಿಸುತ್ತದೆ.

ಕರೆನ್ಸಿ ಬೋರ್ಡ್ ಇದಕ್ಕಿಂತ ಒಳ್ಳೇದಲ್ವಾ?

ಕರೆನ್ಸಿ ಬೋರ್ಡ್ ಎಂದರೆ ಸ್ವಂತ ನೋಟು ಇಟ್ಟುಕೊಂಡು, ಪ್ರತಿ ನೋಟಿನ ಹಿಂದೆ ಅಷ್ಟೇ ಬೆಲೆಯ ಡಾಲರ್ ಕೂಡಿಡುವುದು. ಹಾಂಗ್‌ಕಾಂಗ್ 1983ರಿಂದ ಡಾಲರಿಗೆ 7.80ರ ಸುತ್ತ ಹೀಗೇ ನಡೆಸಿದೆ. ಅಚ್ಚಿನ ಲಾಭ ಕೈಯಲ್ಲೇ ಉಳಿಯುತ್ತದೆ. ಆದರೆ ಕೊಟ್ಟ ಮಾತು ಮುರಿಯಬಹುದು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಅರ್ಜೆಂಟೀನಾ 1991ರಲ್ಲಿ ತನ್ನ ನೋಟನ್ನು ಡಾಲರಿಗೆ ಕಟ್ಟುವ ಕಾನೂನು ಮಾಡಿತು, ಮರುವರ್ಷದಿಂದ 1 ಪೆಸೊಗೆ 1 ಡಾಲರ್. ಬೆಲೆ ಏರಿಕೆ ನಿಂತಿತು. 1999ರಲ್ಲಿ ನೆರೆಯ ಬ್ರೆಜಿಲ್ ತನ್ನ ನೋಟಿನ ಬೆಲೆ ಇಳಿಸಿದಾಗ ಇವರ ಮಾಲು ದುಬಾರಿಯಾಯಿತು. ಸಾಲ ಬೆಳೆಯಿತು. 2001ರ ಡಿಸೆಂಬರಿನಲ್ಲಿ ಖಾತೆಯಿಂದ ವಾರಕ್ಕೆ 250 ಪೆಸೊ ಮಾತ್ರ ಎಂದರು. ಜನವರಿಯಲ್ಲಿ ಮಾತು ಮುರಿಯಿತು. ಕೆಲವೇ ತಿಂಗಳಲ್ಲಿ ಡಾಲರಿಗೆ 3 ಪೆಸೊ ದಾಟಿತು. ಪೂರ್ತಿ ಡಾಲರ್ ಹಿಡಿದ ದೇಶದಲ್ಲಿ ಹೀಗೆ ರಾತ್ರೋರಾತ್ರಿ ಆಗುವುದು ಕಷ್ಟ.

ನಮ್ಮ ಜಿಲ್ಲೆಗೂ ಸ್ವಂತ ನೋಟಿಲ್ಲ, ದಿಲ್ಲಿಯ ನೋಟೇ ಬಳಸ್ತೀವಿ. ನಮಗೇನೂ ಆಗಿಲ್ಲವಲ್ಲ?

ಒಬ್ಬ ಎಂ.ಎ. ವಿದ್ಯಾರ್ಥಿನಿ ಕೇಳಿದ್ದು. ಇಷ್ಟು ವರ್ಷದಲ್ಲಿ ನನಗೆ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ.

ಇಂಡಿ, ಸಿಂದಗಿ ಕಡೆ ಮಳೆ ಕೈಕೊಟ್ಟ ವರ್ಷ ಏನಾಗುತ್ತದೆ ನೋಡಿ. ವಿಜಯಪುರದ ರೂಪಾಯಿ ಎಂದು ಬೇರೆ ಇದ್ದಿದ್ದರೆ ಅದರ ಬೆಲೆ ಬೀಳುತ್ತಿತ್ತು. ಅದಿಲ್ಲ. ಅದರ ಬದಲು ಎರಡು ಕೆಲಸ ನಡೆಯುತ್ತವೆ. ತಾಂಡಾಗಳಿಂದ, ಹಳ್ಳಿಗಳಿಂದ ಸಂಸಾರಗಳು ಗಂಟು ಕಟ್ಟಿಕೊಂಡು ಗೋವಾ, ಪುಣೆ, ಮುಂಬೈ ಬಸ್ಸು ಹತ್ತುತ್ತವೆ. ಕಬ್ಬು ಕಡಿಯಲು ಗ್ಯಾಂಗು ಹೊರಡುತ್ತದೆ. ಇನ್ನೊಂದು ಕಡೆ ಬೆಂಗಳೂರು, ದಿಲ್ಲಿಯಿಂದ ರೇಷನ್, ಬೆಳೆ ಪರಿಹಾರ, ಉದ್ಯೋಗ ಖಾತ್ರಿಯ ಕೂಲಿ ಬರುತ್ತದೆ. ತಡವಾಗಿ ಬರುತ್ತದೆ, ಸಾಲದೇ ಬರುತ್ತದೆ, ಆದರೂ ಬರುತ್ತದೆ.

ಅರ್ಥಶಾಸ್ತ್ರಜ್ಞ ರಾಬರ್ಟ್ ಮುಂಡೆಲ್ 1961ರಲ್ಲಿ ಕೇಳಿದ ಪ್ರಶ್ನೆಯೂ ಇದೇ. ಒಂದೇ ನೋಟು ಎಷ್ಟು ದೊಡ್ಡ ಪ್ರದೇಶಕ್ಕೆ ಹೊಂದುತ್ತದೆ? ದುಡಿಯುವವರು ಸಲೀಸಾಗಿ ಓಡಾಡಬಹುದಾದಷ್ಟಕ್ಕೆ ಎಂಬುದು ಅವರ ಉತ್ತರದ ತಿರುಳು. ಮುಂದೆ 1999ರಲ್ಲಿ ಅವರಿಗೆ ನೊಬೆಲ್ ಬಂತು.

ಈಗ ಎಲ್ ಸಾಲ್ವಡಾರ್ ನೋಡಿ. ಅಲ್ಲಿ ಬೆಳೆ ಹೋದರೆ ಡಾಲರ್ ಅದೇ, ಆದರೆ ಟೆಕ್ಸಾಸಿಗೆ ಬಸ್ಸು ಹತ್ತಲು ವೀಸಾ ಬೇಕು. ವಾಷಿಂಗ್ಟನ್ನಿನಿಂದ ಪರಿಹಾರ ಕೇಳುವ ಹಕ್ಕಿಲ್ಲ. ನೋಟು ಒಂದೇ ಆಯಿತು, ಗಡಿ ಹಾಗೇ ಉಳಿಯಿತು. ಹಾಗಾಗಿ ನಮ್ಮ ಜಿಲ್ಲೆಯನ್ನು ಈಕ್ವೆಡಾರಿಗೆ ಹೋಲಿಸುವಂತಿಲ್ಲ. ಬಸ್ಸು, ರೇಷನ್ ಕಾರ್ಡು, ಮತಪೆಟ್ಟಿಗೆ ಈ ಮೂರೂ ನಮಗಿವೆ.

ಯೂರೋ ಸೇರಿದ ದೇಶಗಳೂ ಇದೇ ಥರಾನಾ?

ಅರ್ಧ ಮಾತ್ರ. ಅವರೂ ಸ್ವಂತ ನೋಟಿನ ಬೆಲೆ ಇಳಿಸಲಾರರು. ಗ್ರೀಸ್ ಅನುಭವಿಸಿದ ಕಷ್ಟ ಅದೇ. ಆದರೆ ಯೂರೋ ಸದಸ್ಯರಿಗೆ ಯುರೋಪಿನ ಕೇಂದ್ರ ಬ್ಯಾಂಕಿನಲ್ಲಿ ಕುರ್ಚಿ ಇದೆ, ಅಚ್ಚಿನ ಲಾಭದಲ್ಲಿ ಪಾಲಿದೆ. ಕೊಸೊವೊಗೆ ಎರಡೂ ಇಲ್ಲ.

ಒಮ್ಮೆ ಬಿಟ್ಟ ಸ್ವಂತ ನೋಟು ವಾಪಸ್ ತರೋಕಾಗ್ತದಾ?

ಜಿಂಬಾಬ್ವೆ ಯತ್ನಿಸಿತು. 2016ರ ನವೆಂಬರಿನಲ್ಲಿ ಡಾಲರಿಗೆ ಸಮ ಎಂದು ಬಾಂಡ್ ನೋಟು ಹೊರಡಿಸಿತು. ಜನ ನಿಜವಾದ ಡಾಲರನ್ನು ಮನೆಯಲ್ಲಿ ಬಚ್ಚಿಟ್ಟು ಬಾಂಡ್ ನೋಟನ್ನು ಖರ್ಚು ಮಾಡಿದರು, ಅದರ ಬೆಲೆ ಬಿತ್ತು. 2019ರಲ್ಲಿ ಹೊರಗಿನ ನೋಟು ನಿಷೇಧಿಸಿದರು. ಬೆಲೆಗಳು ಮತ್ತೆ ಹಾರಿದವು, ಮರುವರ್ಷವೇ ಡಾಲರಿಗೆ ಮತ್ತೆ ಒಪ್ಪಿಗೆ ಕೊಡಬೇಕಾಯಿತು. 2024ರ ಏಪ್ರಿಲಿನಲ್ಲಿ ಚಿನ್ನ ಮತ್ತು ವಿದೇಶಿ ಹಣದ ಆಸರೆಯ ಜಿಗ್ ಎಂಬ ಹೊಸ ನೋಟು ತಂದರು. ಕೆಲವೇ ತಿಂಗಳಲ್ಲಿ ಅದರ ಬೆಲೆಯನ್ನೂ ಇಳಿಸಬೇಕಾಯಿತು. ಕಾನೂನಿನಿಂದ ನೋಟು ಅಚ್ಚು ಹಾಕಬಹುದು. ಸಂಜೆ ಪಗಾರ ಸಿಕ್ಕವಳು ಬೆಳಗಿನ ತನಕ ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳುವಂತೆ ಮಾಡುವುದು ಕಾನೂನಿನಿಂದ ಆಗುವುದಿಲ್ಲ.

ಬಿಟ್‌ಕಾಯಿನ್ ಹಿಡಿದ್ರೆ ಯಾರ ಹಂಗೂ ಇಲ್ಲವಲ್ಲ?

ಎಲ್ ಸಾಲ್ವಡಾರ್ 2021ರ ಸೆಪ್ಟೆಂಬರಿನಲ್ಲಿ ಡಾಲರಿನ ಜೊತೆ ಬಿಟ್‌ಕಾಯಿನ್ ಕೂಡ ತಂದಿತು. ಬೆಲೆ ದಿನಕ್ಕೊಂದು. ಸಾಮಾನ್ಯ ಜನ ದಿನದ ವ್ಯಾಪಾರಕ್ಕೆ ಡಾಲರನ್ನೇ ಬಳಸಿದರು. 2025ರಲ್ಲಿ ಅಂಗಡಿಯವರು ತೆಗೆದುಕೊಳ್ಳಲೇಬೇಕು ಎಂಬ ನಿಯಮ ಹೋಯಿತು.

ಹಂಗಾರ ಯಾವ ದೇಶಕ್ಕ ಇದು ಹೊಂದತದ? ನಿಮ್ಮ ಅಭಿಪ್ರಾಯ ಹೇಳ್ರಿ ಅಕ್ಕಾರ.

ಟುವಾಲು ದೇಶದ ಜನಸಂಖ್ಯೆ ನಮ್ಮ ಒಂದು ದೊಡ್ಡ ಹಳ್ಳಿಯಷ್ಟು, ಹತ್ತು ಸಾವಿರದ ಆಸುಪಾಸು. ಅವರು ಸ್ವಂತ ಕೇಂದ್ರ ಬ್ಯಾಂಕು ಕಟ್ಟುವುದು ಸುಮ್ನೆ ಖರ್ಚು. ಹೊರಗಿನ ನೋಟು ಅವರಿಗೆ ಸರಿ. ನೋಟಿನ ಮೇಲೆ ನಂಬಿಕೆಯೇ ಸತ್ತುಹೋದ ದೇಶಕ್ಕೂ ಬೇರೆ ದಾರಿ ಇಲ್ಲ. ನಡುವಿನ ದೇಶಗಳಿಗೆ ನಾನು ಬೇಡ ಎನ್ನುತ್ತೇನೆ. ಹಿಡಿದೇ ಹಿಡಿಯುವುದಾದರೆ ಒಳ್ಳೆಯ ದಿನಗಳಲ್ಲಿ ಕೂಡಿಡಬೇಕು. ಕಿರಿಬಾಸ್ ತನ್ನ ನೆಲದ ಫಾಸ್ಫೇಟ್ ಮಾರಿದ ದುಡ್ಡಿನಲ್ಲಿ ಒಂದು ಪಾಲನ್ನು 1956ರಿಂದಲೇ ನಿಧಿಯಲ್ಲಿಟ್ಟಿತು. ಫಾಸ್ಫೇಟ್ 1979ರಲ್ಲಿ ಮುಗಿಯಿತು, ನಿಧಿ ಇವತ್ತಿಗೂ ಇದೆ. ಪೂರ್ವ ಟಿಮೋರ್ ಎಣ್ಣೆಯ ಆದಾಯಕ್ಕೆ 2005ರಲ್ಲಿ ಹೀಗೇ ನಿಧಿ ಮಾಡಿತು. ಅಚ್ಚು ಹಾಕಲಾಗದವರಿಗೆ ಆಪತ್ತಿನಲ್ಲಿ ಇರುವ ಡಾಲರ್ ಇಷ್ಟೇ.

ನಾಳೆ ಇನ್ನೊಂದು ದೇಶ ಡಾಲರ್ ತರ್ತೀವಿ ಅಂತ ಪೇಪರಿನಲ್ಲಿ ಬಂದ್ರೆ, ನಾವು ಮೊದಲು ಏನು ನೋಡ್ಬೇಕು?

ಭಾಷಣ ಬಿಡಿ, ಹಳೇ ನೋಟಿಗೆ ಎಷ್ಟು ಡಾಲರ್ ಕೊಡುತ್ತಾರೆ ಎಂಬ ದರ ಹುಡುಕಿ. ಒಂದು ವರ್ಷದ ಹಿಂದಿನ ದರದ ಪಕ್ಕ ಅದನ್ನಿಟ್ಟು ನೋಡಿ. ಆಮೇಲೆ ಬ್ಯಾಂಕುಗಳ ಬಾಗಿಲು ತೆರೆದಿದೆಯೇ, ಠೇವಣಿ ಪೂರ್ತಿ ಕೊಡುತ್ತಿದ್ದಾರೆಯೇ ನೋಡಿ. ಆ ದೇಶ ಹೊರಗೆ ಮಾರುವುದು ಒಂದೇ ಸರಕೋ, ಹಲವೋ ನೋಡಿ. 2023ರ ಚುನಾವಣೆಯಲ್ಲಿ ಅರ್ಜೆಂಟೀನಾದ ಹಾವಿಯೇರ್ ಮಿಲೇ ಡಾಲರ್ ತರುತ್ತೇನೆ ಎಂದಾಗ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, ಪೆಸೊಗಳನ್ನೆಲ್ಲ ಬದಲಿಸಿಕೊಡಲು ಅವರ ಹತ್ತಿರ ಅಷ್ಟು ಡಾಲರ್ ಇದಾವೇನ್ರೀ ಮೇಡಂ ಎಂದು ಕೇಳಿದಳು. ಇರಲಿಲ್ಲ. ಅವರು ಗೆದ್ದು ಅಧ್ಯಕ್ಷರಾದ ಮೇಲೂ ಪೆಸೊ ನಡೆಯುತ್ತಲೇ ಇದೆ.